ತಪ್ಪು ಮಾಡದವರಿಗೂ ಖಾಸಗಿತನ ಏಕೆ ಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಅಂಕೋಲಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಅರಗಾ ಬರುವ ಹೊತ್ತಿಗೆ ಕದಂಬ ನೌಕಾನೆಲೆಯ ಆವರಣ ಎದುರಾಗುತ್ತದೆ. ಕಾಳಿ ನದಿಯ ಗುಂಟ ಒಳನಾಡಿಗೆ ತಿರುಗಿದರೆ ಕೈಗಾ ಅಣುವಿದ್ಯುತ್ ಸ್ಥಾವರ. 2008ರ ಮುಂಬೈ ದಾಳಿಯ ನಂತರ ಕಡಲಿಗೆ ಇಳಿಯುವ ಮೀನುಗಾರನ ಜೇಬಿಗೂ ಬಯೋಮೆಟ್ರಿಕ್ ಗುರುತಿನ ಚೀಟಿ ಬಂತು. ದೇಶದ ಭದ್ರತೆ ಎಂಬುದು ಈ ಊರುಗಳಿಗೆ ದೂರದ ಸಂಗತಿಯಲ್ಲ, ಅದಕ್ಕಾಗಿ ಮನೆ, ಗದ್ದೆ ಬಿಟ್ಟುಕೊಟ್ಟು ಎದ್ದು ಬಂದ ಕುಟುಂಬಗಳು ಇಲ್ಲಿವೆ. ಹಾಗಾಗಿ ಸರ್ಕಾರದ ಕಣ್ಗಾವಲಿನ ಮಾತು ಬಂದಾಗ ಇಲ್ಲಿ ಹೆಚ್ಚಾಗಿ ಕೇಳಿಬರುವ ಉತ್ತರ ಒಂದೇ: ನಾವೇನು ತಪ್ಪು ಮಾಡಿದ್ದೇವೆ, ನೋಡಿಕೊಳ್ಳಲಿ ಬಿಡಿ.

ಈ ಮಾತಿನಲ್ಲಿ ನೇರವಾಗಿ ಬದುಕಿದವರ ಹೆಮ್ಮೆಯಿದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರೊಳಗೆ ಒಂದು ನಂಬಿಕೆ ಸದ್ದಿಲ್ಲದೆ ಕುಳಿತಿದೆ. ಖಾಸಗಿತನ ಬೇಕಾಗುವುದು ಏನನ್ನಾದರೂ ಬಚ್ಚಿಡಬೇಕಾದವರಿಗೆ ಮಾತ್ರ ಎಂಬುದು ಆ ನಂಬಿಕೆ. ಅದು ನಿಜವೇ?

ಮತಗಟ್ಟೆಯನ್ನು ನೆನಪಿಸಿಕೊಳ್ಳಿ. ಊರಿನ ಶಾಲೆಯ ಕೊಠಡಿ, ಬೆರಳಿಗೆ ಶಾಯಿ, ಮೂಲೆಯ ಮೇಜಿನ ಮೇಲೆ ಮತಯಂತ್ರ, ಅದರ ಸುತ್ತ ರಟ್ಟಿನ ಮರೆ. ಆ ಮರೆಯನ್ನು ಇಟ್ಟವರು ನಾವಲ್ಲ, ಚುನಾವಣಾ ಆಯೋಗವೇ. ಒಳಗೆ ಹೋಗುವವರನ್ನು ತಡೆದು, ನೀವು ತಪ್ಪು ಮಾಡುತ್ತಿಲ್ಲವಾದರೆ ಈ ಮರೆ ಏಕೆ ಎಂದು ಯಾರೂ ಕೇಳುವುದಿಲ್ಲ. ಮತ ಹಾಕುವುದು ಅಪರಾಧವಲ್ಲ, ನಾಚಿಕೆಯ ಕೆಲಸವೂ ಅಲ್ಲ. ಆದರೂ ಅದು ಗುಟ್ಟಾಗಿರಬೇಕು, ಏಕೆಂದರೆ ಯಾರಿಗೆ ಒತ್ತಿದ್ದೀರಿ ಎಂಬುದು ಜಮೀನುದಾರನಿಗೆ, ಗುತ್ತಿಗೆದಾರನಿಗೆ, ಪಕ್ಷದ ಮುಖಂಡನಿಗೆ ತಿಳಿದರೆ ಆ ಮತ ನಿಮ್ಮದಾಗಿ ಉಳಿಯುವುದಿಲ್ಲ. ಅಂದರೆ ಗುಟ್ಟು ಇಲ್ಲಿ ತಪ್ಪನ್ನು ಮುಚ್ಚುತ್ತಿಲ್ಲ, ನಿಮ್ಮ ನಿರ್ಧಾರವನ್ನು ನಿಮ್ಮದಾಗಿ ಉಳಿಸುತ್ತಿದೆ. ಮತದಾನದ ಆ ಅರ್ಧ ನಿಮಿಷಕ್ಕೆ ನಾವೆಲ್ಲರೂ ಒಪ್ಪಿರುವ ಈ ನಿಯಮ ಉಳಿದ ಬದುಕಿಗೆ ಏಕೆ ಅನ್ವಯಿಸಬಾರದು? ಖಾಸಗಿತನದ ಬಗೆಗಿನ ತಾತ್ತ್ವಿಕ ಚರ್ಚೆಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಸುತ್ತಲೇ ಇವೆ.

ಅವುಗಳಲ್ಲಿ ಹೆಚ್ಚು ಪರಿಚಿತವಾದದ್ದು, ಕಣ್ಣು ತನ್ನ ಮೇಲಿದೆ ಎಂದು ಗೊತ್ತಾದ ಮನುಷ್ಯ ಮೊದಲಿನಂತೆ ಉಳಿಯುವುದಿಲ್ಲ ಎಂಬ ವಾದ. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1791ರಲ್ಲಿ ಒಂದು ಸೆರೆಮನೆಯ ನಕ್ಷೆಯನ್ನು ಪ್ರಕಟಿಸಿದ. ನಡುವೆ ಒಂದು ಗೋಪುರ, ಸುತ್ತ ವೃತ್ತಾಕಾರದಲ್ಲಿ ಕೋಣೆಗಳು. ಗೋಪುರದಲ್ಲಿರುವ ಕಾವಲುಗಾರನಿಗೆ ಪ್ರತಿ ಕೈದಿಯೂ ಕಾಣುತ್ತಾನೆ, ಕೈದಿಗೆ ಕಾವಲುಗಾರ ಕಾಣುವುದಿಲ್ಲ. ತನ್ನನ್ನು ಈಗ ನೋಡುತ್ತಿದ್ದಾರೋ ಇಲ್ಲವೋ ತಿಳಿಯದ ಕೈದಿ ಸದಾ ನೋಡುತ್ತಿದ್ದಾರೆ ಎಂದೇ ನಡೆದುಕೊಳ್ಳುತ್ತಾನೆ. ಬೆಂಥಮ್ ಇದನ್ನು ಸುಧಾರಣೆಯ ಉಪಾಯವೆಂದು ಮೆಚ್ಚಿಕೊಂಡಿದ್ದ. ಸುಮಾರು ಎರಡು ಶತಮಾನಗಳ ನಂತರ, 1975ರಲ್ಲಿ, ಫ್ರಾನ್ಸಿನ ಮಿಶೆಲ್ ಫೂಕೋ ಅದೇ ನಕ್ಷೆಯಲ್ಲಿ ಆಧುನಿಕ ಅಧಿಕಾರದ ಗುಟ್ಟನ್ನು ಕಂಡ. ಕಾವಲುಗಾರ ಇಲ್ಲದಿದ್ದರೂ ನಡೆಯುತ್ತದೆ, ಕೈದಿಯೇ ತನಗೆ ತಾನು ಕಾವಲುಗಾರನಾಗಿರುತ್ತಾನೆ.

ಪುಸ್ತಕದಲ್ಲಿ ಓದಿದಾಗ ಇದು ಸೆರೆಮನೆಯ ಮಾತು, ನಮಗೇಕೆ ಎನಿಸಬಹುದು. ಅದಕ್ಕೇ ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಒಂದು ಸಂಗತಿಯನ್ನು ಹೇಳುತ್ತೇನೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧನೆಯೊಂದರಲ್ಲಿ 2024ರಲ್ಲಿ ಪ್ರಕಟವಾದದ್ದು ಇದು. ಕಾಡಿನಂಚಿನ ಹಳ್ಳಿಗಳ ಹೆಂಗಸರು ಸೌದೆ, ಹುಲ್ಲು ತರಲು ಗುಂಪಾಗಿ ಕಾಡಿಗೆ ಹೋಗುತ್ತಾರೆ. ಹೋಗುವಾಗ ಗಟ್ಟಿಯಾಗಿ ಹಾಡುತ್ತಾರೆ, ಮಾತನಾಡುತ್ತಾರೆ, ನಗುತ್ತಾರೆ. ಮನೆಯಲ್ಲಿ ಆಡಲಾಗದ ಮಾತು ಅಲ್ಲಿ ಹೊರಗೆ ಬರುತ್ತದೆ. ಜೊತೆಗೆ ಆ ಸದ್ದಿಗೆ ಹುಲಿ, ಆನೆ ದೂರ ಸರಿಯುತ್ತವೆ. ವನ್ಯಜೀವಿಗಳಿಗಾಗಿ ಇಟ್ಟ ಕ್ಯಾಮೆರಾಗಳಲ್ಲಿ ತಾವೂ ಸೆರೆಯಾಗುತ್ತಿದ್ದೇವೆ ಎಂದು ತಿಳಿದ ಮೇಲೆ ಹಾಡು ಕಡಿಮೆಯಾಯಿತು, ಮಾತು ತಗ್ಗಿತು. ಕ್ಯಾಮೆರಾ ತಪ್ಪಿಸಲು ಕೆಲವರು ಕಾಡಿನ ಇನ್ನೂ ಒಳಕ್ಕೆ, ಪರಿಚಯವಿಲ್ಲದ ಕಡೆಗೆ ಹೋಗತೊಡಗಿದರು. ಅಲ್ಲಿ ಅಪಾಯ ಹೆಚ್ಚು. ಹಾಡು ತಗ್ಗಿಸಿ ಎಂದು ಯಾರೂ ಬಂದು ಹೇಳಬೇಕಾಗಲಿಲ್ಲ. ಮರಕ್ಕೆ ಕಟ್ಟಿದ ಒಂದು ಪೆಟ್ಟಿಗೆ ಅಲ್ಲಿದೆ ಎಂಬ ಅರಿವೇ ಸಾಕಾಯಿತು.

ನಮ್ಮ ಜೊಯಿಡಾ, ದಾಂಡೇಲಿ ಭಾಗದಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಹುಲಿ ಗಣತಿಗೆ ಅಲ್ಲಿಯೂ ಕ್ಯಾಮೆರಾ ಕಟ್ಟುತ್ತಾರೆ, ಕಟ್ಟಲೇಬೇಕು. ಕಾರ್ಬೆಟ್‌ನಲ್ಲಿ ಆದದ್ದೇ ಇಲ್ಲಿಯೂ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕುಣಬಿ, ಗೌಳಿ ಸಮುದಾಯದ ಹೆಣ್ಣುಮಕ್ಕಳು ಸೌದೆಯ ಹೊರೆ ಹೊತ್ತು ಬರುವ ಅದೇ ಬಗೆಯ ದಾರಿಗಳು ಇಲ್ಲಿಯೂ ಇವೆ. ಆ ಚಿತ್ರಗಳನ್ನು ಯಾರು ನೋಡುತ್ತಾರೆ, ಮನುಷ್ಯರ ಚಿತ್ರ ಬಂದರೆ ಅದನ್ನು ಏನು ಮಾಡುತ್ತಾರೆ ಎಂದು ಕೇಳುವ ಹಕ್ಕು ಆ ದಾರಿಯಲ್ಲಿ ನಡೆಯುವವರಿಗೆ ಇದೆ.

ಎರಡನೆಯ ವಾದ ತಪ್ಪು ಎಂಬುದರ ಬಗ್ಗೆಯೇ. ತಪ್ಪು ಮಾಡಿಲ್ಲ ಎನ್ನುವಾಗ ಯಾವುದು ತಪ್ಪು ಎಂದು ತೀರ್ಮಾನಿಸುವವರು ಯಾರು? 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಜನ ಸಮುದ್ರದ ನೀರಿನಿಂದ ಉಪ್ಪು ಮಾಡಿದರು. ಅಂದಿನ ಕಾನೂನಿನಲ್ಲಿ ಅದು ಅಪರಾಧ. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರ, ಶಿರಸಿಯ ಹಳ್ಳಿಗಳಲ್ಲಿ ಕರ ನಿರಾಕರಣೆ ನಡೆಯಿತು. ತೋಟ, ಗದ್ದೆ ಜಪ್ತಿಯಾದವು, ಪಾತ್ರೆ ಪಗಡೆ ಹರಾಜಾದವು, ಜನ ಬಗ್ಗಲಿಲ್ಲ. ಆ ಹೋರಾಟ ಬಹಿರಂಗವಾಗಿಯೇ ನಡೆಯಿತು ನಿಜ. ಆದರೆ ಬಹಿರಂಗಕ್ಕೆ ಬರುವ ಮುನ್ನ ಯಾರದೋ ಜಗಲಿಯಲ್ಲಿ, ಯಾರದೋ ತೋಟದಲ್ಲಿ ಅದರ ಮಾತು ಆಗಿರಲೇಬೇಕು. ಮೊದಲ ಸಲ ಆಡಿದಾಗ ಅದು ಅರೆಬೆಂದ ಮಾತು. ಕರ ಕೊಡದಿದ್ದರೆ ಏನಾದೀತು, ನೀನು ಬರುತ್ತೀಯಾ, ನಿನ್ನ ಅಣ್ಣ ಒಪ್ಪುತ್ತಾನೆಯೇ? ಆ ಮಾತಿನ ಪ್ರತಿ ಅಕ್ಷರವೂ ಅದೇ ರಾತ್ರಿ ಕಲೆಕ್ಟರರ ಮೇಜಿಗೆ ತಲುಪಿದ್ದರೆ ಮಾತು ಜಗಲಿಯಿಂದ ಇಳಿಯುತ್ತಲೇ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಅಗತ್ಯ ಮುಗಿಯಿತು ಎನ್ನುವಂತಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತಾಗ ಎದುರಿಗಿದ್ದದ್ದು ನಾವೇ ಆರಿಸಿದ ಸರ್ಕಾರದ ಅರಣ್ಯ ಇಲಾಖೆಯ ಕಡಿತದ ಆದೇಶ. ಅಂದು ಅದು ಅಡ್ಡಿ, ಇಂದು ಅದು ಜಿಲ್ಲೆಯ ಹೆಮ್ಮೆ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ವಾದಿಸಿದ್ದು ಇದನ್ನೇ. ಸಮಾಜ ಸರಿಯಾದ ದಾರಿಯನ್ನು ಕಂಡುಕೊಳ್ಳುವುದು ಕೆಲವರು ಬೇರೆ ದಾರಿಯನ್ನು ಪ್ರಯತ್ನಿಸಿ ನೋಡಿದಾಗ. ಹಾಗೆ ಪ್ರಯತ್ನಿಸುವವರು ಮೊದಲಿಗೆ ವಿಚಿತ್ರವಾಗಿ ಕಾಣುತ್ತಾರೆ, ಕೆಲವೊಮ್ಮೆ ಅಪರಾಧಿಗಳಾಗಿಯೂ ಕಾಣುತ್ತಾರೆ. ಮಿಲ್ ನೇರವಾಗಿ ಕಣ್ಗಾವಲಿನ ಬಗ್ಗೆ ಬರೆದವನಲ್ಲ. ಆದರೆ ವಿಚಾರ ಬಲಿಯುವ ಮೊದಲೇ ಅದರ ದಾಖಲೆ ಆಗುವ ಸಮಾಜದಲ್ಲಿ ಬೇರೆ ದಾರಿ ಹಿಡಿಯುವವರು ಹುಟ್ಟುವುದು ಕಷ್ಟ ಎಂಬುದು ಅವನ ವಾದದಿಂದಲೇ ಹೊರಡುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನನಗೆ ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಎನಿಸಿದೆ, ಏಕೆಂದರೆ ಇದು ಪುಸ್ತಕದಿಂದ ಬಂದದ್ದಲ್ಲ. ಖಾಸಗಿತನ ನಮ್ಮದಲ್ಲ, ಪಶ್ಚಿಮದಿಂದ ಬಂದದ್ದು ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಯಾವತ್ತು ಖಾಸಗಿತನವಿತ್ತು? ಶಿರಸಿ ಸೀಮೆಯ ತೋಟದ ಮನೆಯಲ್ಲಿ ಮಗಳಿಗೆ ಯಾವ ಊರಿನಿಂದ ಸಂಬಂಧ ಬಂತು ಎಂಬುದು ಮನೆಯವರಿಗಿಂತ ಮೊದಲು ಪಕ್ಕದ ಕೇರಿಗೆ ತಿಳಿದಿರುತ್ತದೆ. ಕಡಲಂಚಿನ ಕೇರಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಒಬ್ಬರ ಜಗಳ ಎಲ್ಲರ ಕಿವಿಗೆ ಬೀಳುತ್ತದೆ. ಹಾಗೆ ಬದುಕಿದ ಜನರಿಗೆ ಸರ್ಕಾರ ನೋಡಿದರೆ ಹೊಸದಾಗಿ ಏನು ಹೋಗುತ್ತದೆ?

ಬಹಳವೇ ಹೋಗುತ್ತದೆ. ಕೇರಿಯ ಕಣ್ಣು ಎರಡೂ ಕಡೆಯಿಂದ ನೋಡುತ್ತದೆ. ನನ್ನ ಸಂಗತಿ ಪಕ್ಕದ ಮನೆಯವರಿಗೆ ಗೊತ್ತು, ಅವರ ಸಂಗತಿ ನನಗೂ ಗೊತ್ತು. ಈ ಸಮತೂಕವೇ ಬಾಯಿಗೆ ಒಂದು ಲಗಾಮು. ಸರ್ಕಾರದ ಕಣ್ಣಿಗೆ ಈ ಲಗಾಮಿಲ್ಲ. ಅದು ನಮ್ಮನ್ನು ನೋಡುತ್ತದೆ, ಅದು ನೋಡುತ್ತಿದೆಯೇ ಎಂದು ಕೇಳಿದರೆ ಭದ್ರತೆಯ ಕಾರಣಕ್ಕೆ ಹೇಳಲಾಗುವುದಿಲ್ಲ ಎಂಬ ಉತ್ತರ ಬರುತ್ತದೆ. ಇನ್ನೊಂದು ವ್ಯತ್ಯಾಸ ಮರೆವಿನದು. ಊರು ಮರೆಯುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಜಾತ್ರೆಯಲ್ಲಿ ಹೊಡೆದಾಡಿದವನು ಐವತ್ತಕ್ಕೆ ದೇವಸ್ಥಾನದ ಆಡಳಿತ ಸಮಿತಿಯಲ್ಲಿ ಕೂರುತ್ತಾನೆ, ಯಾರೂ ಹಳೆಯದನ್ನು ಕೆದಕುವುದಿಲ್ಲ. ಕಂಪ್ಯೂಟರಿನ ದಾಖಲೆಗೆ ಈ ದೊಡ್ಡತನ ತಾನಾಗಿ ಬರುವುದಿಲ್ಲ, ಯಾರಾದರೂ ಅಳಿಸಬೇಕು.

ಮೂರನೆಯ ವಾದ ಮೊದಲೆರಡಕ್ಕಿಂತ ಸೂಕ್ಷ್ಮ. ಅಮೆರಿಕದ ಚಿಂತಕಿ ಹೆಲೆನ್ ನಿಸೆನ್‌ಬಾಮ್ ಹೇಳುವಂತೆ ಪ್ರತಿ ಮಾಹಿತಿಗೂ ಅದು ಹುಟ್ಟಿದ ಸಂದರ್ಭದ ಒಂದು ಮರ್ಯಾದೆ ಇರುತ್ತದೆ. ವೈದ್ಯರಿಗೆ ಹೇಳಿದ್ದು ವೈದ್ಯರ ಬಳಿ ಇರಬೇಕು, ಸೊಸೈಟಿಯ ಸಾಲದ ಲೆಕ್ಕ ಸೊಸೈಟಿಯಲ್ಲಿ ಇರಬೇಕು. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದಾಗ ಹಾನಿ ಆಗುತ್ತದೆ, ಆ ಮಾಹಿತಿ ಗುಟ್ಟಿನದಲ್ಲದಿದ್ದರೂ ಸಹ. ಮೀನುಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯಾವ ದಿಕ್ಕಿಗೆ, ಎಷ್ಟು ಆಳದಲ್ಲಿ, ಯಾವ ಕಾಲಕ್ಕೆ ಮೀನು ಸಿಗುತ್ತದೆ ಎಂಬುದು ದೋಣಿಯ ಮಂದಿಗೆ ತಿಳಿದಿರುತ್ತದೆ, ಬಂದರಿನಲ್ಲಿ ಎಲ್ಲರೆದುರು ಅದರ ಮಾತಿಲ್ಲ. ಅದು ಅಪರಾಧವಲ್ಲ, ಅನ್ನ. ಈಗ ದೋಣಿಗಳಿಗೆ ಉಪಗ್ರಹದ ಮೂಲಕ ಇರುವ ಜಾಗ ತಿಳಿಸುವ ಟ್ರಾನ್ಸ್‌ಪಾಂಡರ್ ಅಳವಡಿಸಲಾಗುತ್ತಿದೆ. ಅದನ್ನು ನಾನು ವಿರೋಧಿಸುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಅವಶೇಷ ಪತ್ತೆಯಾದದ್ದು ತಿಂಗಳುಗಳ ನಂತರ, ಮಹಾರಾಷ್ಟ್ರದ ಮಾಲ್ವಣ ಬಳಿಯ ಕಡಲಾಳದಲ್ಲಿ. ಆ ತಿಂಗಳುಗಳಲ್ಲಿ ಆ ಮನೆಗಳು ಪಟ್ಟ ಪಾಡನ್ನು ನೋಡಿದ ಯಾರೂ ದೋಣಿಯ ಜಾಗ ದಡಕ್ಕೆ ತಿಳಿಯುವುದು ಬೇಡ ಎನ್ನಲಾರರು. ಆದರೆ ಜೀವ ಉಳಿಸಲು ಕೊಟ್ಟ ಮಾಹಿತಿ ಜೀವ ಉಳಿಸುವುದಕ್ಕೇ ಇರಲಿ. ಅದು ನಾಳೆ ದೊಡ್ಡ ಹಡಗಿನ ಮಾಲೀಕನ ಕೈಗೋ, ಬೇರೆ ಇಲಾಖೆಯ ದಂಡದ ಪಟ್ಟಿಗೋ ಹರಿಯದಂತೆ ತಡೆಯುವುದು ಏನು? ಖಾಸಗಿತನದ ಪ್ರಶ್ನೆ ಅಲ್ಲಿದೆ.

ಹಳ್ಳಿಯನ್ನು ನಾನು ಹೊಗಳುತ್ತಿಲ್ಲ ಎಂಬುದನ್ನೂ ಹೇಳಬೇಕು. ಕೇರಿಯ ಕಣ್ಣು ಎಲ್ಲರ ಮೇಲೂ ಒಂದೇ ಭಾರ ಹಾಕಿದ್ದಿಲ್ಲ. ವಿಧವೆಯ ಮೇಲೆ, ಜಾತಿ ಮೀರಿ ಪ್ರೀತಿಸಿದವರ ಮೇಲೆ, ಓದಲು ಹೊರಟ ಹುಡುಗಿಯ ಮೇಲೆ ಅದು ಕಲ್ಲಿನಂತೆ ಬಿದ್ದಿದೆ. ಆ ಕಣ್ಣು ತಪ್ಪಿಸಿ ಒಂದು ಪತ್ರ ಬರೆಯಲು, ಒಂದು ಫೋನ್ ಮಾಡಲು ಎಷ್ಟು ಹೆಣ್ಣುಮಕ್ಕಳು ಎಷ್ಟು ಕಷ್ಟಪಟ್ಟಿದ್ದಾರೆ! ಖಾಸಗಿತನ ಪಶ್ಚಿಮದ್ದು ಎನ್ನುವವರು ಹೆಚ್ಚಾಗಿ ಅದರ ಕೊರತೆಯನ್ನು ಅನುಭವಿಸದವರು. ಜೇಮ್ಸ್ ರೇಚಲ್ಸ್ ಎಂಬ ತತ್ತ್ವಜ್ಞಾನಿ 1975ರಲ್ಲಿ ಬರೆದಂತೆ, ನಾವು ಗೆಳತಿಗೆ ಒಂದು, ತಾಯಿಗೆ ಒಂದು, ಮೇಲಧಿಕಾರಿಗೆ ಇನ್ನೊಂದು ಹೇಳುವುದು ಕಪಟದಿಂದಲ್ಲ. ಯಾರಿಗೆ ಎಷ್ಟು ತಿಳಿಸಬೇಕು ಎಂಬ ನಿರ್ಧಾರ ನಮ್ಮ ಕೈಯಲ್ಲಿ ಇರುವುದರಿಂದಲೇ ಸಂಬಂಧಗಳಿಗೆ ಬೇರೆ ಬೇರೆ ಆಳ ಬರುತ್ತದೆ. ಎಲ್ಲರಿಗೂ ಎಲ್ಲವೂ ತಿಳಿದಲ್ಲಿ ಆಪ್ತರು ಎಂಬವರೇ ಇರುವುದಿಲ್ಲ.

ಖಾಸಗಿತನ ಎಂಬ ಪ್ರತ್ಯೇಕ ಹಕ್ಕೇ ಇಲ್ಲ ಎಂದವರೂ ಇದ್ದಾರೆ. ಜ್ಯೂಡಿತ್ ಜಾರ್ವಿಸ್ ಥಾಮ್ಸನ್ ಅದೇ 1975ರಲ್ಲಿ ಹೀಗೆ ವಾದಿಸಿದರು: ಮನೆಗೆ ನುಗ್ಗಿದರೆ ಆಸ್ತಿಯ ಹಕ್ಕು ಮುರಿಯಿತು, ಮೈ ಮುಟ್ಟಿದರೆ ದೇಹದ ಹಕ್ಕು ಮುರಿಯಿತು, ಅವನ್ನು ಕಾಪಾಡಿದರೆ ಸಾಕು. ಈ ವಾದ ಚುರುಕಾದದ್ದು. ಆದರೆ ಕುಮಟಾದಿಂದ ಕಾರವಾರಕ್ಕೆ ಹೊರಟ ಒಬ್ಬರ ಒಂದು ದಿನವನ್ನು ನೋಡಿ. ಹಟ್ಟಿಕೇರಿ ಟೋಲಿನಲ್ಲಿ ಫಾಸ್ಟ್ಯಾಗ್ ಸಮಯ ದಾಖಲಿಸಿತು. ಆಸ್ಪತ್ರೆಯ ಎದುರಿನ ಔಷಧ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಹೋಯಿತು. ಮಧ್ಯಾಹ್ನ ಎರಡು ತಾಸು ಆ ಮೊಬೈಲು ನ್ಯಾಯಾಲಯದ ಪಕ್ಕದ ಟವರಿಗೆ ಸಿಕ್ಕಿತು. ಸಂಜೆ ಒಂದೇ ಸಂಖ್ಯೆಗೆ ನಾಲ್ಕು ಕರೆ ಹೋದವು. ಯಾರೂ ಅವರ ಮನೆಗೆ ನುಗ್ಗಲಿಲ್ಲ, ಮೈ ಮುಟ್ಟಲಿಲ್ಲ, ಒಂದು ಕರೆಯನ್ನೂ ಕದ್ದು ಕೇಳಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸಾಮಾನ್ಯ. ನಾಲ್ಕನ್ನೂ ಒಂದೇ ಮೇಜಿನ ಮೇಲೆ ಜೋಡಿಸಿದರೆ ಅವರ ಕಾಯಿಲೆ, ಅವರ ವ್ಯಾಜ್ಯ, ಅವರ ಆಪ್ತರು ಎಲ್ಲರೂ ಹೊರಗೆ ಬಂದರು. ಇಲ್ಲಿ ಯಾವ ಹಳೆಯ ಹಕ್ಕೂ ಮುರಿದಂತೆ ಕಾಣುವುದಿಲ್ಲ, ಆದರೂ ಅವರಿಂದ ಏನೋ ಒಂದನ್ನು ಕಿತ್ತುಕೊಂಡದ್ದಾಯಿತು. ಆ ಕಳೆದುಕೊಂಡದ್ದಕ್ಕೆ ಬೇರೆಯದೇ ಹಕ್ಕು ಬೇಕು. ಥಾಮ್ಸನ್ ಬರೆದ ಕಾಲದಲ್ಲಿ ಹೀಗೆ ಜೋಡಿಸುವ ಯಂತ್ರಗಳು ಇಷ್ಟು ಸುಲಭವಾಗಿರಲಿಲ್ಲ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಾದಕ್ಕೆ ಬರುತ್ತೇನೆ. ಅದು ಅಧಿಕಾರದ್ದು.

ಈ ಜಿಲ್ಲೆಯಲ್ಲಿ ಗೇಣಿ ಪದ್ಧತಿಯನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ದಿನಕರ ದೇಸಾಯಿಯವರು ಗೇಣಿ ರೈತರನ್ನು ಸಂಘಟಿಸಿದ್ದು, 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಒಡೆಯನಾದದ್ದು ಇಲ್ಲಿ ಜನರ ನೆನಪಿನಲ್ಲಿರುವ ಚರಿತ್ರೆ. ಆ ಕಾಲದ ಒಡೆಯರೆಲ್ಲ ಕ್ರೂರಿಗಳಾಗಿರಲಿಲ್ಲ. ಒಬ್ಬ ಒಳ್ಳೆಯ ಒಡೆಯನನ್ನು ಊಹಿಸಿಕೊಳ್ಳಿ. ಬೆಳೆ ಹೋದ ವರ್ಷ ಗೇಣಿ ಬಿಡುತ್ತಾನೆ, ಮದುವೆಗೆ ಅಕ್ಕಿ ಕಳಿಸುತ್ತಾನೆ, ಒಮ್ಮೆಯೂ ಯಾರನ್ನೂ ಒಕ್ಕಲೆಬ್ಬಿಸಿಲ್ಲ. ಆದರೂ ಅವನ ಅಂಗಳಕ್ಕೆ ಬಂದ ಗೇಣಿದಾರ ಮೈಮೇಲಿನ ವಸ್ತ್ರ ಸರಿಪಡಿಸಿಕೊಂಡು, ಧ್ವನಿ ತಗ್ಗಿಸಿ ನಿಲ್ಲುತ್ತಾನೆ. ಏಕೆ? ಒಡೆಯ ಏನೂ ಮಾಡಿಲ್ಲ, ಆದರೆ ಮನಸ್ಸು ಮಾಡಿದರೆ ಮಾಡಬಲ್ಲ. ಅವನನ್ನು ತಡೆಯುವವರು ಯಾರೂ ಇಲ್ಲ. ಐರ್ಲೆಂಡಿನ ತತ್ತ್ವಜ್ಞಾನಿ ಫಿಲಿಪ್ ಪೆಟಿಟ್ ಸ್ವಾತಂತ್ರ್ಯವನ್ನು ಅರ್ಥಮಾಡಿಕೊಳ್ಳುವುದು ಹೀಗೆ: ನನ್ನ ಬದುಕಿನಲ್ಲಿ ಯಾರೂ ಕೈ ಹಾಕದಿದ್ದರೆ ಅಷ್ಟಕ್ಕೇ ನಾನು ಸ್ವತಂತ್ರನಲ್ಲ. ತನಗೆ ತೋಚಿದಾಗ ಕೈ ಹಾಕಬಲ್ಲ ಶಕ್ತಿ, ಯಾರ ಅಂಕೆಯೂ ಇಲ್ಲದೆ, ಯಾರ ಬಳಿಯೂ ಇರಬಾರದು.

ಕಣ್ಗಾವಲಿನ ವಿಷಯದಲ್ಲಿ ಈ ವಾದದ ಬಲ ಎಲ್ಲಿದೆಯೆಂದರೆ, ಈಗಿನ ಸರ್ಕಾರ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳವನ್ನೇ ಅದು ಬದಿಗೆ ಸರಿಸುತ್ತದೆ. ನೀವು ಮೆಚ್ಚುವ ಪಕ್ಷ ಆಡಳಿತದಲ್ಲಿದ್ದರೂ ವಾದ ಬದಲಾಗುವುದಿಲ್ಲ. ನಮ್ಮ ರಾಜ್ಯದ ಚರಿತ್ರೆಯಲ್ಲೇ ಇದಕ್ಕೆ ಪಾಠವಿದೆ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು ಪಂಚಾಯತ್ ರಾಜ್, ಲೋಕಾಯುಕ್ತದಂಥ ಸುಧಾರಣೆಗಳಿಗೆ ಹೆಸರಾದ ಮುಖ್ಯಮಂತ್ರಿ. ಅವರು 1988ರಲ್ಲಿ ಕುರ್ಚಿ ಬಿಡಬೇಕಾಗಿ ಬಂದದ್ದು ರಾಜಕಾರಣಿಗಳ ದೂರವಾಣಿಗಳನ್ನು ಕದ್ದಾಲಿಸಿದ ಆರೋಪದಿಂದ. ಈ ಜಿಲ್ಲೆ ಇಂದಿಗೂ ಅವರನ್ನು ಅಭಿಮಾನದಿಂದ ನೆನೆಯುತ್ತದೆ. ಅಭಿಮಾನ ಇರಲಿ. ಒಳ್ಳೆಯ ಹೆಸರಿನ ಸರ್ಕಾರದ ಮೇಲೂ ಇಂಥ ಆರೋಪ ಬಂದೀತು ಎನ್ನುವುದಾದರೆ ನಂಬಿಕೆಯನ್ನು ವ್ಯಕ್ತಿಗಳ ಮೇಲೆ ಇಡುವುದಕ್ಕಿಂತ ಅಂಕುಶದ ಮೇಲೆ ಇಡಬೇಕು.

ಆ ಅಂಕುಶ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ? ಕದ್ದಾಲಿಕೆಗೆ ಬಹುಕಾಲ ಆಧಾರವಾಗಿದ್ದದ್ದು ಬ್ರಿಟಿಷರು 1885ರಲ್ಲಿ ಮಾಡಿದ ಟೆಲಿಗ್ರಾಫ್ ಕಾಯ್ದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಆದೇಶಗಳನ್ನು ಒಂದು ಸಮಿತಿ ಪರಿಶೀಲಿಸಬೇಕು ಎಂದು ವಿಧಿಸಿತು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಆದರೆ ವ್ಯವಸ್ಥೆಯ ಎಲುಬು ಅದೇ. ಆದೇಶ ಕೊಡುವವರು ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳು. ನ್ಯಾಯಾಧೀಶರಿಗೆ ಅಲ್ಲಿ ಜಾಗವಿಲ್ಲ. ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರದ ಆಧಾರದಲ್ಲಿ 2014ರಲ್ಲಿ ಪ್ರಕಟವಾದ ಲೆಕ್ಕದಂತೆ ಕೇಂದ್ರ ಸರ್ಕಾರವೊಂದೇ ತಿಂಗಳಿಗೆ ಸರಾಸರಿ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತಿತ್ತು. ದಿನಕ್ಕೆ ಹಂಚಿದರೆ ಸುಮಾರು 250ರಿಂದ 300. ಒಬ್ಬ ಗೃಹ ಕಾರ್ಯದರ್ಶಿ ದಿನವಿಡೀ ಬೇರೇನೂ ಮಾಡದೆ ಕುಳಿತರೂ ಒಂದು ಆದೇಶಕ್ಕೆ ಎರಡು ನಿಮಿಷ ಸಿಗುವುದು ಕಷ್ಟ. ದತ್ತಾಂಶ ಸಂರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಇದನ್ನೇ ಎತ್ತಿ ತೋರಿಸಿತು: ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಗೂ 15,000ದಿಂದ 18,000 ಆದೇಶಗಳು. ಇದನ್ನು ಪರಿಶೀಲನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನ್ಯಾಯಾಲಯ ತತ್ತ್ವವನ್ನು ಒಪ್ಪಿಕೊಂಡಿದೆ ಎಂಬುದು ಸಣ್ಣ ಮಾತಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. ಆ ವಾದಕ್ಕೆ ಹಳೆಯ ತೀರ್ಪುಗಳ ಬಲವೂ ಇತ್ತು. 1962ರಲ್ಲಿ ಖರಕ್ ಸಿಂಗ್ ಪ್ರಕರಣದಲ್ಲಿ ನ್ಯಾಯಾಲಯ, ಪೊಲೀಸರು ರಾತ್ರಿ ಮನೆಯ ಬಾಗಿಲು ತಟ್ಟುವುದನ್ನು ತಡೆದರೂ ಖಾಸಗಿತನದ ಹಕ್ಕು ಸಂವಿಧಾನದಲ್ಲಿಲ್ಲ ಎಂದಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಬದುಕುವ ಹಕ್ಕಿನಲ್ಲೇ ಖಾಸಗಿತನ ಸೇರಿದೆ. ಅದರಲ್ಲಿ ಸರ್ಕಾರ ಕೈ ಹಾಕಬೇಕಾದರೆ ಕಾನೂನು ಇರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಆದರೆ ಆ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಕೇಂದ್ರ ಸರ್ಕಾರ ಸೂಚಿಸುವ ಸರ್ಕಾರಿ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಕಾಯ್ದೆಯಿಂದಲೇ ಹೊರಗಿಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ.

ಕಣ್ಗಾವಲಿನ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನು ಭಟ್ಕಳದ ಯುವಕರನ್ನು ಕೇಳಿ ತಿಳಿಯಬೇಕು. ಕೆಲವರ ಮೇಲಿನ ಭಯೋತ್ಪಾದನೆಯ ಪ್ರಕರಣಗಳಿಂದಾಗಿ ಇಡೀ ಊರಿನ ಹೆಸರೇ ಅನುಮಾನದ ಗುರುತಾಯಿತು. ಬೇರೆ ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ತಪಾಸಣೆಯ ಸಾಲಿನಲ್ಲಿ ನಿಂತಾಗ ಊರಿನ ಹೆಸರು ಹೇಳಲು ಹಿಂಜರಿದವರು ಅಲ್ಲಿದ್ದಾರೆ. ನನಗೇನೂ ಆಗಿಲ್ಲ ಎನ್ನುವವರು ಒಮ್ಮೆ ತಮ್ಮ ಊರಿನ ಹೆಸರನ್ನು ಬದಲಾಯಿಸಿಕೊಂಡು ಯೋಚಿಸಬೇಕು.

ಹಾಗಾದರೆ ಭದ್ರತೆ? ಈ ಪ್ರಶ್ನೆಯನ್ನು ತೇಲಿಸಿಬಿಡಲು ಕಾರವಾರದಲ್ಲಿ ನಿಂತು ಮಾತನಾಡುವವರಿಗೆ ಸಾಧ್ಯವಿಲ್ಲ. 2025ರ ಫೆಬ್ರವರಿಯಲ್ಲಿ ನೌಕಾನೆಲೆಯ ಮಾಹಿತಿ ಸೋರಿಕೆಯ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ಸಂಸ್ಥೆ ನಮ್ಮ ಜಿಲ್ಲೆಯವರನ್ನೇ ಬಂಧಿಸಿತು. ಇಂಥ ತನಿಖೆಗೆ ಫೋನ್, ಬ್ಯಾಂಕ್ ಖಾತೆ, ಸಂದೇಶಗಳನ್ನು ನೋಡಬೇಕಾಗುತ್ತದೆ, ನೋಡಲಿ. ಖಾಸಗಿತನದ ಪರವಾಗಿರುವ ಯಾವ ಗಂಭೀರ ಚಿಂತಕರೂ ಅದನ್ನು ಬೇಡ ಎಂದಿಲ್ಲ. ಅವರು ಕೇಳುವುದು ಅನುಮಾನಕ್ಕೆ ಕಾರಣವಿರುವ ಒಬ್ಬನನ್ನು ಹಿಂಬಾಲಿಸುವುದಕ್ಕೂ, ನಾಳೆ ಬೇಕಾದೀತು ಎಂದು ಎಲ್ಲರದನ್ನೂ ಸಂಗ್ರಹಿಸಿ ಇಡುವುದಕ್ಕೂ ನಡುವೆ ಇರುವ ಅಂತರವನ್ನು. ಮೊದಲನೆಯದರಲ್ಲಿ ಸರ್ಕಾರ ಕಾರಣ ತೋರಿಸಬೇಕು. ಎರಡನೆಯದರಲ್ಲಿ ನಾವು ನಿರಪರಾಧಿಗಳೆಂದು ದಿನವೂ ಸಾಬೀತು ಮಾಡುತ್ತಾ ಹೋಗಬೇಕು.

ಈ ಚರ್ಚೆಯನ್ನು ತಕ್ಕಡಿಗೆ ಹಾಕುವವರು ಒಂದು ತಟ್ಟೆಯಲ್ಲಿ ಇಡೀ ದೇಶದ ಸುರಕ್ಷತೆಯನ್ನೂ ಇನ್ನೊಂದರಲ್ಲಿ ಒಬ್ಬನ ಸಂಕೋಚವನ್ನೂ ಇಡುತ್ತಾರೆ. ತೂಕ ಯಾವ ಕಡೆ ಜಗ್ಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಆ ಎರಡನೆಯ ತಟ್ಟೆಯಲ್ಲಿ ನಿಜವಾಗಿ ಇರುವುದು ಪತ್ರಕರ್ತನಿಗೆ ಸುದ್ದಿ ಕೊಡುವ ಗುಮಾಸ್ತನ ಧೈರ್ಯ, ವಕೀಲರೊಂದಿಗೆ ಕಕ್ಷಿದಾರನ ಮಾತು, ಯೋಜನೆಯೊಂದನ್ನು ವಿರೋಧಿಸಲು ಸೇರುವ ಹಳ್ಳಿಯ ಸಭೆ. ಅವು ಒಬ್ಬೊಬ್ಬರ ಸ್ವಂತ ಆಸ್ತಿಯಲ್ಲ, ಊರಿನ ಕೆರೆಯ ನೀರನ್ನು ನಾನೊಬ್ಬನೇ ಮಾರಲಾಗದಂತೆ ನನಗೆ ಬೇಡ ಎಂದು ಎಲ್ಲರ ಪರವಾಗಿ ಬಿಟ್ಟುಕೊಡಲು ನನಗೆ ಅಧಿಕಾರವಿಲ್ಲ.

ಅನುಮಾನ ಸುಳ್ಳಾದಾಗ ಏನಾಗುತ್ತದೆ ಎಂಬುದರಲ್ಲಿ ಒಂದು ದೇಶದ ಮನೋಭಾವ ಕಾಣುತ್ತದೆ. ಜರ್ಮನಿಯಲ್ಲಿ ಕದ್ದಾಲಿಕೆ ಮುಗಿದು, ತನಿಖೆಗೆ ಇನ್ನು ಧಕ್ಕೆಯಿಲ್ಲ ಎಂದಾದ ಮೇಲೆ ಆ ವ್ಯಕ್ತಿಗೆ ತಿಳಿಸಬೇಕು ಎಂಬ ನಿಯಮವಿದೆ. ಅವನು ಬೇಕಾದರೆ ನ್ಯಾಯಾಲಯಕ್ಕೆ ಹೋಗಬಹುದು. ನಮ್ಮ ನಿಯಮಗಳಲ್ಲಿ ಹಾಗೆ ತಿಳಿಸುವ ಹೊಣೆ ಯಾರಿಗೂ ಇಲ್ಲ. ಕೆಲಸಕ್ಕೆ ಬೇಡವಾದ ಕದ್ದಾಲಿಕೆಯ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶ ಮಾಡಬೇಕು ಎಂದಿದೆ. ಸಂಗ್ರಹಿಸಿದ್ದು ಅಳಿಯುವುದು ಒಳ್ಳೆಯದೇ. ಆದರೆ ಯಾರ ಆದೇಶದ ಮೇಲೆ, ಯಾವ ಕಾರಣಕ್ಕೆ ಕೇಳಿಸಿಕೊಂಡರು ಎಂಬ ಕಾಗದವೂ ಅದರೊಂದಿಗೇ ಹೋಗುತ್ತದೆ. ಏನೂ ತಪ್ಪು ಮಾಡದ ಮನುಷ್ಯನಿಗೆ ತನ್ನ ಮಾತುಗಳನ್ನು ತಿಂಗಳುಗಟ್ಟಲೆ ಯಾರೋ ಕೇಳಿದ್ದರು ಎಂಬುದು ಅಂದೂ ತಿಳಿಯುವುದಿಲ್ಲ, ಮುಂದೆಯೂ ತಿಳಿಯುವುದಿಲ್ಲ. ತಿಳಿಯದ ಮೇಲೆ ಅವನು ಯಾವ ನ್ಯಾಯಾಲಯಕ್ಕೆ ಏನೆಂದು ಅರ್ಜಿ ಹಾಕಬೇಕು?